ಲಗಾಮಿಲ್ಲದ ಬಂಡಿ

ನನ್ನ ಕೈಯಲ್ಲಿ ಸಮಾಜ ವಿಜ್ಞಾನ ಕಲಿತವರಿಗೆಲ್ಲ ಟಂಡ್ರಾ ಪ್ರದೇಶದ ಪಾಠ ನೆನಪಿರಬೇಕು. ವರ್ಷದ ಬಹುಪಾಲು ಹಿಮ, ಮರಗಳಿಲ್ಲದ ಬಯಲು, ಪಾಚಿ ಮತ್ತು ಕಲ್ಲುಹೂವು, ಚರ್ಮದ ಉಡುಪು, ಹಾಗೂ ನಾಯಿಗಳು ಎಳೆಯುವ ಚಕ್ರವಿಲ್ಲದ ಗಾಡಿ. ನಾಲ್ಕು ಅಂಕದ ಪ್ರಶ್ನೆಗೆ ಇಷ್ಟು ಬರೆದರೆ ಸಾಕಾಗುತ್ತಿತ್ತು. ಆದರೆ ಹೆಚ್ಚುಕಡಿಮೆ ಪ್ರತಿವರ್ಷವೂ ಹಿಂದಿನ ಬೆಂಚಿನಿಂದ ಪಠ್ಯಪುಸ್ತಕದಲ್ಲಿಲ್ಲದ ಪ್ರಶ್ನೆಯೊಂದು ಎದ್ದು ಬರುತ್ತಿತ್ತು: "ಸರ, ಎತ್ತಿಗೆ ಮೂಗುದಾಣ ಇರತೈತಿ, ಕುದರಿಗೆ ಲಗಾಮ ಇರತೈತಿ. ನಾಯಿಗೆ ಏನ್ ಹಿಡಕೊಂಡು ಓಡಸ್ತಾರ್ರಿ?" ಚಕ್ಕಡಿ ಹೂಡಿ ಗೊತ್ತಿರುವ ಮನೆಯ ಮಕ್ಕಳಿಗಷ್ಟೇ ಹೊಳೆಯುವ ಪ್ರಶ್ನೆ ಅದು. ಅದಕ್ಕೆ ಕಣ್ಣೆದುರಿನ ಉತ್ತರ ದೊರೆತದ್ದು ನಾನು ನಿವೃತ್ತನಾದ ಮರುವರ್ಷ, 2018ರಲ್ಲಿ, ಹಾವೇರಿ ಸೀಮೆಯಿಂದ ಭೂಗೋಳದ ಇನ್ನೊಂದು ಬದಿಯಲ್ಲಿ.

ಆ ವರ್ಷ ನಾನೂ ನನ್ನ ಪತ್ನಿಯೂ ಸಿಯಾಟಲಿನ ಮಗನ ಮನೆಯಲ್ಲಿ ಆರು ತಿಂಗಳು ಇದ್ದೆವು. ಜುಲೈ ತಿಂಗಳಲ್ಲಿ ಅವನು ನಮ್ಮನ್ನೆಲ್ಲ ಅಲಾಸ್ಕಾಕ್ಕೆ ಕರೆದೊಯ್ದ. ಫೇರ್‌ಬ್ಯಾಂಕ್ಸ್ ಎಂಬ ಊರಿನಲ್ಲಿ ಚೀನಾ ಎಂಬ ನದಿಯಿದೆ (ಚೀನಾ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ). ಅದರಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಸಾಗುವ ದೊಡ್ಡ ದೋಣಿ ಒಂದೆಡೆ ನಿಧಾನವಾಯಿತು. ದಡದ ಮೇಲೆ ಒಂದು ನಾಯಿಮನೆ. ಕೆನೆಲ್ ಎನ್ನುತ್ತಾರೆ. ಸಾಲಾಗಿ ಪುಟ್ಟ ಮರದ ಗೂಡುಗಳು, ಗೂಡಿನ ಮುಂದೊಂದು, ಮೇಲೊಂದು ನಾಯಿ. ಹಿಮವಿಲ್ಲದ ಕಾಲವಾದ್ದರಿಂದ ಸ್ಲೆಡ್ ಗಾಡಿಯ ಬದಲು ಎಂಜಿನ್ ಚಾಲೂ ಮಾಡದ ನಾಲ್ಕು ಚಕ್ರದ ವಾಹನವೊಂದನ್ನು ನಿಲ್ಲಿಸಿದ್ದರು. ಅಲ್ಲಿಯವರು ಎದೆಪಟ್ಟಿಗಳನ್ನು ಕೈಗೆತ್ತಿಕೊಂಡದ್ದೇ ತಡ, ಅಷ್ಟೂ ನಾಯಿಗಳು ಏಕಕಾಲಕ್ಕೆ ನೆಗೆದಾಡಿ ಕೂಗತೊಡಗಿದವು. ಅದು ಬೊಗಳುವಿಕೆಯಲ್ಲ, ಸಂತೆಗೆ ನನ್ನನ್ನೂ ಕರೆದುಕೊಂಡು ಹೋಗು ಎಂದು ಮಕ್ಕಳು ಹಟ ಹಿಡಿದು ಅರಚುವ ಬಗೆ. ಆಯ್ಕೆಯಾದವನ್ನು ಹಗ್ಗಕ್ಕೆ ಜೋಡಿಸಿದರು. ಉಳಿದವು ಮುಖ ಮೇಲೆತ್ತಿ ಊಳಿಟ್ಟವು. ಒಂದು ಮಾತು ಕೇಳಿದ್ದೇ ತಂಡ ಚಿಮ್ಮಿ ಮರಗಳ ಹಿಂದೆ ಮರೆಯಾಯಿತು. ಸುತ್ತು ಹಾಕಿ ಬಂದು ಕಳಚಿದ ಕೂಡಲೇ ನಾಯಿಗಳು ನೇರ ನದಿಗೆ ಹಾರಿದವು. ಮೂಗುದಾಣವೂ ಇಲ್ಲ, ಲಗಾಮೂ ಇಲ್ಲ, ಚಾವಟಿಯೂ ಇಲ್ಲ.

ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳಿಗೆ ಆಗ ಒಂಬತ್ತು ವರ್ಷ. ದೋಣಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ ಅವಳು ಕೇಳಿದಳು: "ಅಜ್ಜ, ಓಡೋದು ಅವಕ್ಕೆ ಇಷ್ಟ ಅಂತ ಮೈಕಲ್ಲಿ ಹೇಳ್ತಿದಾರಲ್ಲ, ಅವನ್ನ ಕೇಳಿದ್ದು ಯಾರು?"

ಆ ಪ್ರಶ್ನೆಯ ಬೆನ್ನುಹತ್ತಿಯೇ ನಾನು ಸಿಯಾಟಲಿಗೆ ಮರಳಿದ ಮೇಲೆ ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಹಲವು ಮಧ್ಯಾಹ್ನಗಳನ್ನು ಕಳೆದದ್ದು. ನಾವು ಕಂಡ ನಾಯಿಮನೆ ಸೂಸನ್ ಬುಚರ್ ಎಂಬ ಹೆಂಗಸಿನ ಕುಟುಂಬದ್ದು. ಟ್ರೇಲ್ ಬ್ರೇಕರ್ ಕೆನೆಲ್ ಎಂದು ಅದರ ಹೆಸರು. ಆಕೆ ತೀರಿಕೊಂಡು ಆಗಲೇ ಹನ್ನೆರಡು ವರ್ಷಗಳಾಗಿದ್ದವು.

ಸೂಸನ್ ಹುಟ್ಟಿದ್ದು 1954ರ ಡಿಸೆಂಬರಿನಲ್ಲಿ, ಅಮೆರಿಕದ ಪೂರ್ವ ತೀರದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಓದಿದವರ, ಅನುಕೂಲಸ್ಥರ ಮನೆ. ಆದರೆ ಹುಡುಗಿಗೆ ನಗರವೂ ಹಿಡಿಸಲಿಲ್ಲ, ಪುಸ್ತಕವೂ ಒಲಿಯಲಿಲ್ಲ. ಅಕ್ಷರಗಳು ಕಣ್ಣಿಗೆ ಕಂಡರೂ ಮನಸ್ಸಿಗೆ ಜೋಡಣೆಯಾಗದ ತೊಡಕು, ಡಿಸ್ಲೆಕ್ಸಿಯಾ ಆಕೆಗಿತ್ತು. ಹದಿಹರೆಯ ಕಳೆಯುತ್ತಲೇ ಕೊಲರಾಡೋಕ್ಕೆ ಹೋಗಿ ಪಶುವೈದ್ಯರ ಬಳಿ ಸಹಾಯಕಿಯಾಗಿ ದುಡಿದು, 1975ರಲ್ಲಿ ಇಪ್ಪತ್ತರ ಪ್ರಾಯದಲ್ಲಿ ಅಲಾಸ್ಕಾ ಸೇರಿದರು. ರ‍್ಯಾಂಗಲ್ ಪರ್ವತಗಳ ನಡುವೆ, ನೆರೆಹೊರೆಯಿಲ್ಲದ ಜಾಗದಲ್ಲಿ, ಮರದ ದಿಮ್ಮಿಯ ಮನೆಯೊಂದರಲ್ಲಿ ಕೆಲವೇ ನಾಯಿಗಳೊಡನೆ ವಾಸ.

ಡಿಸ್ಲೆಕ್ಸಿಯಾ ಎಂಬ ಹೆಸರು ನಾನು ಬಿ.ಎಡ್. ಮಾಡಿದ ಕಾಲದ ನಮ್ಮ ಪಠ್ಯಕ್ರಮದಲ್ಲಿ ಇರಲೇ ಇಲ್ಲ. ಆದರೆ ಅದರ ರೂಪ ಪ್ರತಿ ತರಗತಿಯಲ್ಲೂ ಕುಳಿತಿರುತ್ತಿತ್ತು. ತೊಂಬತ್ತರ ದಶಕದ ತಂಡದವರಿಗೆ ಆ ಹುಡುಗ ನೆನಪಿರಬಹುದು; ಹೆಸರು ಬೇಡ. ಕಪ್ಪು ಹಲಗೆಯ ಮೇಲಿನ ಒಂದು ಸಾಲನ್ನು ಓದಲು ಅವನ ಹಣೆಯಲ್ಲಿ ಬೆವರು ಮೂಡುತ್ತಿತ್ತು. ಅದೇ ಹುಡುಗ, ಒಮ್ಮೆ ಶಾಲೆಯ ಆವರಣಕ್ಕೆ ನುಗ್ಗಿದ ಬೆದರಿದ ಹೋರಿಯೊಂದನ್ನು, ನಾವು ಶಿಕ್ಷಕರೆಲ್ಲ ಸ್ಟಾಫ್ ರೂಮಿನ ಬಾಗಿಲು ಹಾಕಿಕೊಂಡಿದ್ದಾಗ, ಬರಿಗೈಯಲ್ಲಿ ಮಾತನಾಡಿಸುತ್ತಲೇ ಹಿಡಿದು ಹೊರಗೆ ಕರೆದೊಯ್ದ. ಎಸ್.ಎಸ್.ಎಲ್.ಸಿ. ಅವನಿಗೆ ದಕ್ಕಲಿಲ್ಲ. ಈಗ ಸುತ್ತಲ ಹತ್ತು ಹಳ್ಳಿಗಳಲ್ಲಿ ದನದ ವ್ಯಾಪಾರವಾಗಬೇಕಾದರೆ ಅವನು ಬಂದು ನೋಡಬೇಕು. ಈ ಬರಹವನ್ನೂ ಅವನು ಮಗಳಿಂದ ಓದಿಸಿಕೊಂಡು ಕೇಳುತ್ತಾನೆಂಬುದು ನನಗೆ ಗೊತ್ತು.

ಸೂಸನ್ ಹೆಸರು ಮಾಡಿದ್ದು ಇಡಿಟರಾಡ್ ಎಂಬ ಓಟದಿಂದ. ದಕ್ಷಿಣದ ಆಂಕರೇಜ್ ನಗರದಿಂದ ಬೇರಿಂಗ್ ಸಮುದ್ರದ ದಡದ ನೋಮ್ ಎಂಬ ಪಟ್ಟಣದವರೆಗೆ ಸುಮಾರು 1,600 ಕಿ.ಮೀ. ದಾರಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹುಬ್ಬಳ್ಳಿಯಿಂದ ದೆಹಲಿಯ ಹತ್ತಿರಕ್ಕೆ ಹೋದಂತೆ. ನಡುವೆ ರಸ್ತೆಯಿಲ್ಲ, ಪರ್ವತಶ್ರೇಣಿ, ಹೆಪ್ಪುಗಟ್ಟಿದ ಯೂಕಾನ್ ನದಿ, ಹೆಪ್ಪುಗಟ್ಟಿದ ಕಡಲ ಅಂಚು. ನಾಯಿಬಂಡಿ ಆ ನಾಡಿನಲ್ಲಿ ಮೂಲತಃ ಕ್ರೀಡೆಯಲ್ಲ, ಜೀವನಾಧಾರ. 1925ರ ಜನವರಿಯಲ್ಲಿ ನೋಮ್ ಪಟ್ಟಣಕ್ಕೆ ಗಂಟಲಮಾರಿ ರೋಗ ಬಂದಾಗ ವಿಮಾನ ಹಾರುವಂತಿರಲಿಲ್ಲ. ರೈಲು ಮುಗಿಯುವ ನೆನಾನಾದಿಂದ ಇಪ್ಪತ್ತು ಮಂದಿ ಸವಾರರು ಒಬ್ಬರಿಂದೊಬ್ಬರಿಗೆ ಔಷಧದ ಪೊಟ್ಟಣ ದಾಟಿಸುತ್ತ 674 ಮೈಲಿಯನ್ನು ಐದೂವರೆ ದಿನದಲ್ಲಿ ಕ್ರಮಿಸಿದರು. ಕೊನೆಯ ಹಂತ ಓಡಿದ ಬಾಲ್ಟೋ ಎಂಬ ನಾಯಿಗೆ ಅದೇ ವರ್ಷ ನ್ಯೂಯಾರ್ಕಿನಲ್ಲಿ ಪ್ರತಿಮೆಯಾಯಿತು. ಅತ್ಯಂತ ದೀರ್ಘವೂ ಅಪಾಯಕರವೂ ಆದ ಹಂತವನ್ನು ಓಡಿದ ಟೋಗೋ ಬಹುಕಾಲ ಮರೆಯಲ್ಲೇ ಉಳಿಯಿತು. (ಇಂಥದ್ದು ನಾಯಿಗಳಲ್ಲಿ ಮಾತ್ರ ನಡೆಯುವುದಿಲ್ಲ.) 1960ರ ದಶಕದಲ್ಲಿ ಹಿಮದ ಮೇಲೆ ಓಡುವ ಮೋಟಾರು ವಾಹನ ಬಂದಾಗ, ನಮ್ಮಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಕೊಟ್ಟಿಗೆಗಳು ಬರಿದಾದಂತೆ, ಅಲ್ಲಿಯ ಹಳ್ಳಿಗಳಿಂದ ನಾಯಿಗಳು ಮಾಯವಾಗತೊಡಗಿದವು. ಅದನ್ನು ತಡೆಯಲೆಂದು ಜೋ ರೆಡಿಂಗ್ಟನ್ ಎಂಬಾತ ಕೆಲವರೊಡನೆ ಸೇರಿ 1973ರಲ್ಲಿ ಈ ದೀರ್ಘ ಓಟವನ್ನು ಆರಂಭಿಸಿದ. ಮೊದಲ ವರ್ಷ ಗೆದ್ದವನಿಗೆ ಇಪ್ಪತ್ತು ದಿನ ಹಿಡಿಯಿತು, ಕೊನೆಯವನಿಗೆ ಮೂವತ್ತೆರಡು. ಕಟ್ಟಕಡೆಯವನಿಗೆ ಕೆಂಪು ಲಾಂದ್ರವೊಂದನ್ನು ಬಹುಮಾನವಾಗಿ ಕೊಡುವ ಪದ್ಧತಿ ಅಲ್ಲಿದೆ. ದಾರಿಯಲ್ಲಿ ಒಬ್ಬನಾದರೂ ಉಳಿದಿರುವವರೆಗೆ ನೋಮ್‌ನಲ್ಲಿ ತೂಗುಹಾಕಿದ ದೀಪವನ್ನು ಆರಿಸುವುದಿಲ್ಲ. ನನಗೆ ಬಹಳ ಹಿಡಿಸಿದ ಪದ್ಧತಿ ಇದು.

ಆದರೆ ಓಟವೆಂಬುದು ವರ್ಷದಲ್ಲಿ ಹತ್ತು ಹದಿನೈದು ದಿನದ ಮಾತು. ಉಳಿದ ಐವತ್ತು ವಾರಗಳು ನಾಯಿಮನೆಯವು. ಹೊರಗಿನವರು ಓಟವನ್ನು ನೋಡುತ್ತಾರೆ. ನಾನು ಓದುತ್ತ ಹೋದಂತೆ ನನ್ನನ್ನು ಸೆಳೆದದ್ದು ಈ ಐವತ್ತು ವಾರಗಳು.

ಸೂಸನ್ ಹಾಗೂ ಆಕೆಯ ಪತಿ ಡೇವಿಡ್ ಮಾನ್ಸನ್ (ವೃತ್ತಿಯಿಂದ ವಕೀಲರು, ಸ್ವತಃ ಸ್ಪರ್ಧಿ, ಅಷ್ಟೇ ಕಠಿಣವಾದ ಯೂಕಾನ್ ಕ್ವೆಸ್ಟ್ ಓಟವನ್ನು 1988ರಲ್ಲಿ ಗೆದ್ದವರು) ನೆಲೆಸಿದ್ದು ಯುರೇಕಾ ಎಂಬಲ್ಲಿ, ಫೇರ್‌ಬ್ಯಾಂಕ್ಸ್‌ನಿಂದ ಇನ್ನೂರು ಕಿ.ಮೀ.ಗೂ ಆಚೆ. ಚಿನ್ನದ ಬೇಟೆಗೆ ಬಂದವರು ಬಿಟ್ಟುಹೋದ ಹಳೆಯ ಮರದ ಮನೆಗಳು. ಕೊಳಾಯಿ ನೀರಿಲ್ಲ. ಒಂದು ಕಾಲಕ್ಕೆ ಅಲ್ಲಿ ನೂರೈವತ್ತರಷ್ಟು ನಾಯಿಗಳಿದ್ದವು. ಅಷ್ಟಕ್ಕೂ ಹೆಸರು, ಅಷ್ಟರದ್ದೂ ವಂಶಾವಳಿ ಸೂಸನ್ ತಲೆಯಲ್ಲಿ. ಬೆಳಗಾದರೆ ಮೊದಲ ಕೆಲಸ ಸೆಗಣಿ ಬಾಚಿದಂತೆ ಮಲ ಬಾಚುವುದು. ಬಳಿಕ ಕೊಪ್ಪರಿಗೆಯಲ್ಲಿ ಮಾಂಸ, ಮೀನು, ಕೊಬ್ಬು ಸೇರಿಸಿ ಬಿಸಿ ಗಂಜಿಯಂಥದ್ದನ್ನು ಕಾಯಿಸುವುದು. ಶೀತಕಾಲದಲ್ಲಿ ನಾಯಿಗಳು ಬರಿಯ ನೀರನ್ನು ಸಾಕಷ್ಟು ಕುಡಿಯುವುದಿಲ್ಲವಾದ್ದರಿಂದ ನೀರಿಗೂ ಮಾಂಸದ ರುಚಿ ಹತ್ತಿಸಬೇಕು. ಥರ್ಮಾಮೀಟರ್ ಮೈನಸ್ 40ಕ್ಕೆ ಇಳಿದ ದಿನವೂ ಈ ಕೆಲಸಕ್ಕೆ ರಜೆಯಿಲ್ಲ. (ಮೈನಸ್ 40ರಲ್ಲಿ ಸೆಲ್ಸಿಯಸ್, ಫ್ಯಾರನ್‌ಹೀಟ್ ಎರಡೂ ಒಂದೇ; ಬೇಕಾದವರು ಸೂತ್ರ ಹಾಕಿ ನೋಡಿಕೊಳ್ಳಿ.)

ನಾವು ಚಿತ್ರಗಳಲ್ಲಿ ಕಾಣುವ ನೀಲಿ ಕಣ್ಣಿನ, ದಟ್ಟ ರೋಮದ ಜಾತಿನಾಯಿಗಳು ಇವಲ್ಲ. ಅಲಾಸ್ಕನ್ ಹಸ್ಕಿ ಎಂಬುದು ಹಲವು ಜಾತಿಗಳ ಬೆರಕೆ. ಇಪ್ಪತ್ತು ಇಪ್ಪತ್ತೈದು ಕೆ.ಜಿ. ತೂಕದ, ನೋಡಲು ನಮ್ಮ ಬೀದಿನಾಯಿಯಂತೆಯೇ ಕಾಣುವ ಸಣಕಲು ದೇಹ. ಅದಕ್ಕೆ ನೋಂದಾಯಿತ ತಳಿಯ ಮಾನ್ಯತೆಯಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಗಟ್ಟಿ ಪಾದ, ಒಳ್ಳೆಯ ಹಸಿವು, ಎಳೆಯುವ ಮನಸ್ಸು. ಓಟದ ದಿನಗಳಲ್ಲಿ ಒಂದೊಂದು ನಾಯಿಗೆ ದಿನಕ್ಕೆ ಹತ್ತು ಸಾವಿರ ಕ್ಯಾಲೊರಿಗೂ ಮಿಕ್ಕಿ ಆಹಾರ ಬೇಕು. ಹೊಲದಲ್ಲಿ ದುಡಿಯುವ ಆಳಿನ ಮೂರು ಪಟ್ಟು!

ಮರಿಗಳು ಹುಟ್ಟುವ ಗಳಿಗೆಯಲ್ಲೇ ಸೂಸನ್ ಅಲ್ಲಿರುತ್ತಿದ್ದರು. ಕಣ್ಣು ತೆರೆಯದ ಮರಿಯನ್ನು ಕೈಯಲ್ಲೆತ್ತಿ ಅದರ ಮೂಗಿನ ಬಳಿ ತಮ್ಮ ಉಸಿರು ಬಿಡುತ್ತಿದ್ದರಂತೆ. ಲೋಕ ಕಾಣುವ ಮೊದಲೇ ಅದಕ್ಕೆ ಈ ಮನುಷ್ಯಳ ವಾಸನೆ ಪರಿಚಯವಾಗಬೇಕು. ತುಸು ಬೆಳೆದ ಮೇಲೆ ಹಗ್ಗ ಕಟ್ಟದೆ ಕಾಡಿನಲ್ಲಿ ಸುತ್ತಾಡಿಸುವುದು. ಯಾವುದು ತೊರೆ ಕಂಡರೆ ಹಿಂಜರಿಯುತ್ತದೆ, ಯಾವುದು ಮುಂದೆ ನುಗ್ಗುತ್ತದೆ ಎಂದು ಗಮನಿಸುವುದು. ಐದಾರು ತಿಂಗಳಿಗೆ ಎದೆಪಟ್ಟಿಯ ಪರಿಚಯ. ಕಾಲುಗಳನ್ನು ಉಜ್ಜುವುದು, ಹಾಡು ಹೇಳುವುದು, ಅವುಗಳ ನಡುವೆಯೇ ಮಲಗುವುದು. ಗ್ರಾನೈಟ್ ಎಂಬ ನಾಯಿ ಮರಿಯಾಗಿದ್ದಾಗ ಬಡಕಲು, ಅಂಜುಬುರುಕ, ಮಾರಿಬಿಡಬೇಕೆಂದೂ ಯೋಚನೆಯಾಗಿತ್ತಂತೆ. ಅದೇ ಮುಂದೆ ಆಕೆಯ ಅತಿ ದೊಡ್ಡ ಮುಂದಾಳು ನಾಯಿಯಾಗಿ ಗೆಲುವಿನ ಹಾದಿಗೆ ಒಯ್ದಿತು. ಗಂಡಹೆಂಡಿರಿಬ್ಬರೂ ಸೇರಿ ಅದರ ಕತೆಯನ್ನು ಮಕ್ಕಳಿಗಾಗಿ ಬರೆದಿದ್ದಾರೆ. ನನ್ನ ಮೊಮ್ಮಗಳು ಅದನ್ನು ಒಂದೇ ಸಂಜೆಯಲ್ಲಿ ಓದಿದಳು. ನನಗೆ ಎರಡು ಬೇಕಾದವು.

ಇನ್ನು ಲಗಾಮಿನ ವಿಚಾರ. ತಂಡವೆಂದರೆ ಎರಡೆರಡಾಗಿ ಹೂಡಿದ ಹದಿನಾಲ್ಕೋ ಹದಿನಾರೋ ನಾಯಿಗಳು. (ಮೊದಲು ಹದಿನಾರು ಮತ್ತು ಅದಕ್ಕೂ ಹೆಚ್ಚು ಇರುತ್ತಿದ್ದವು, 2019ರಲ್ಲಿ ಹದಿನಾಲ್ಕಕ್ಕೆ ಮಿತಿಗೊಳಿಸಿದ್ದರು.) ನಡುವೆ ಉದ್ದನೆಯ ಹಗ್ಗ, ಕೊನೆಯಲ್ಲಿ ಸ್ಲೆಡ್, ಅದರ ಹಿಂಬದಿಯಲ್ಲಿ ನಿಂತ ಸವಾರ. ಆತನ ಕೈಗೆ ಸಿಗುವುದು ಬ್ರೇಕು ಮಾತ್ರ. ಇಪ್ಪತ್ತು ಮೀಟರ್ ಮುಂದಿರುವ ಮುಂದಾಳು ನಾಯಿಗೆ ತಲುಪುವುದು ದನಿಯೊಂದೇ. "ಜೀ" ಎಂದರೆ ಬಲಕ್ಕೆ, "ಹಾ" ಎಂದರೆ ಎಡಕ್ಕೆ. ನನ್ನ ತಂದೆಯವರ ಎಡಗೋಲಿನ ಎತ್ತಿಗೂ ಹೊಲದ ತಿರುವಿನಲ್ಲಿ ಹಗ್ಗ ಜಗ್ಗುವ ಅಗತ್ಯವಿರಲಿಲ್ಲ, ಬಾಯಿಮಾತು ಸಾಕಿತ್ತು. ಆದರೂ ಹಗ್ಗ ಕೈಯಲ್ಲಿರುತ್ತಿತ್ತು. ಇಲ್ಲಿ ಅದೂ ಇಲ್ಲ.

ಸಂದರ್ಶನವೊಂದರಲ್ಲಿ ಸೂಸನ್ ಹೇಳಿಕೊಂಡ ಪ್ರಸಂಗವೊಂದಿದೆ. ಹೆಪ್ಪುಗಟ್ಟಿದ ನದಿಯ ಮೇಲೆ ತಂಡವನ್ನು ಓಡಿಸುತ್ತಿದ್ದಾಗ ಟೆಕ್ಲಾ ಎಂಬ ಮುಂದಾಳು ನಾಯಿ ದಾರಿ ಬಿಟ್ಟು ಪಕ್ಕಕ್ಕೆ ಎಳೆಯತೊಡಗಿತು. ಎಂದೂ ಮಾತು ಮೀರದ ನಾಯಿ. ಆಕೆ ದಾರಿಗೆ ಬಾ ಎಂದು ಆಜ್ಞೆ ಕೊಟ್ಟರು, ಟೆಕ್ಲಾ ಕೇಳಲಿಲ್ಲ. ಮತ್ತೆ ಕೊಟ್ಟರು, ಮತ್ತೆ ಕೇಳಲಿಲ್ಲ. ಕೊನೆಗೆ, ಇದರ ಇಷ್ಟದಂತೆಯೇ ಆಗಲಿ ಎಂದು ಬಿಟ್ಟರು. ತಂಡ ಪಕ್ಕಕ್ಕೆ ಸರಿದದ್ದೇ ತಡ, ಅವರು ಹೋಗಬೇಕಾಗಿದ್ದ ದಾರಿಯ ಮಂಜುಗಡ್ಡೆ ನದಿಯೊಳಕ್ಕೆ ಕುಸಿಯಿತು. ಬಿ.ಎಡ್.ನಲ್ಲಿ ನಾವು ಓದಿದ ನಾಯಿ ಒಂದೇ: ಗಂಟೆ ಬಾರಿಸಿದರೆ ಜೊಲ್ಲು ಸುರಿಸುತ್ತಿದ್ದ ಪಾವ್ಲೋವ್‌ನ ನಾಯಿ. ಟೆಕ್ಲಾಳ ಕತೆಯನ್ನೂ ಆ ಪುಸ್ತಕದಲ್ಲಿ ಸೇರಿಸಿದ್ದರೆ ಕಲಿಕೆಯ ಮನೋವಿಜ್ಞಾನ ನಮಗೆ ಇನ್ನಷ್ಟು ರುಚಿಸುತ್ತಿತ್ತೇನೋ. 1979ರಲ್ಲಿ ಸೂಸನ್ ಮತ್ತು ಜೋ ರೆಡಿಂಗ್ಟನ್ ಉತ್ತರ ಅಮೆರಿಕದ ಅತ್ಯುನ್ನತ ಶಿಖರ ಡೆನಾಲಿಯ ನೆತ್ತಿಗೆ ನಾಯಿಬಂಡಿ ಏರಿಸಿದಾಗಲೂ ಟೆಕ್ಲಾ ಜೊತೆಗಿತ್ತು.

ಸ್ಪರ್ಧೆಯಲ್ಲಿ ನಿದ್ದೆಯಿಲ್ಲ. ಕೆಲವು ಗಂಟೆ ಓಟ, ಹೆಚ್ಚುಕಡಿಮೆ ಅಷ್ಟೇ ಹೊತ್ತು ವಿಶ್ರಾಂತಿ, ಹಗಲಿರುಳೆನ್ನದೆ. ಆದರೆ ಆ ವಿಶ್ರಾಂತಿ ನಾಯಿಗಳಿಗೆ ಮಾತ್ರ. ತಂಗುದಾಣ ಸೇರಿದ ಕೂಡಲೇ ಸವಾರರು ಹುಲ್ಲು ಹಾಸಬೇಕು, ಹದಿನಾಲ್ಕು ನಾಯಿಗಳಿದ್ದರೆ ಐವತ್ತಾರು ಪಾದಗಳಿಂದ ಬಟ್ಟೆಯ ಬೂಟುಗಳನ್ನು ಬಿಚ್ಚಬೇಕು, ಹಿಮ ಕರಗಿಸಿ ಅಡುಗೆ ಮಾಡಿ ಬಡಿಸಬೇಕು, ಒಂದೊಂದು ಬೆರಳಿನ ಸಂದನ್ನೂ ನೋಡಿ ಮುಲಾಮು ಹಚ್ಚಬೇಕು, ಪಶುವೈದ್ಯರಿಗೆ ತೋರಿಸಬೇಕು. ದಣಿದ ಅಥವಾ ಕುಂಟುವ ನಾಯಿಯನ್ನು ಅಲ್ಲೇ ಬಿಟ್ಟರೆ ಅದನ್ನು ವಿಮಾನದಲ್ಲಿ ಹಿಂದಕ್ಕೆ ಕಳುಹಿಸುತ್ತಾರೆ. ಬದಲಿ ನಾಯಿಯನ್ನು ಸೇರಿಸಿಕೊಳ್ಳುವಂತಿಲ್ಲ. ಇಷ್ಟೆಲ್ಲ ಮುಗಿದ ಮೇಲೆ ಉಳಿದರೆ ಒಂದು ಗಂಟೆಯ ಕಣ್ಣುಮುಚ್ಚಾಟ, ಎದ್ದು ಮತ್ತೆ ಐವತ್ತಾರು ಬೂಟು ಕಟ್ಟುವುದು. ಮದುವೆಮನೆಯ ಅಡುಗೆಭಟ್ಟರಿಗೆ ಈ ಬಗೆಯ ನಿದ್ದೆಗೇಡಿನ ಅರಿವಿರಬಹುದು, ಆದರೆ ಅವರದು ಎರಡೇ ದಿನ.

1985ರಲ್ಲಿ ಸೂಸನ್ ಗೆಲ್ಲುವರೆಂದೇ ಹಲವರ ನಿರೀಕ್ಷೆಯಿತ್ತು. ಓಟದ ಆರಂಭದಲ್ಲೇ, ಕತ್ತಲ ದಾರಿಯಲ್ಲಿ, ಬಸುರಿ ಮೂಸ್ ಒಂದು ಎದುರಾಯಿತು. ಮೂಸ್ ಎಂದರೆ ಕುದುರೆಗಿಂತ ಎತ್ತರದ ಸಾರಂಗ. ಹಿಂದಕ್ಕೆ ಸರಿಯದೆ ಅದು ತಂಡದೊಳಕ್ಕೆ ನುಗ್ಗಿ ಕಾಲಿನಿಂದ ತುಳಿಯತೊಡಗಿತು. ಹಗ್ಗಕ್ಕೆ ಕಟ್ಟಿದ ನಾಯಿಗಳು ಓಡಿಹೋಗುವಂತಿರಲಿಲ್ಲ. ಸೂಸನ್ ಕೈಯಲ್ಲಿದ್ದದ್ದು ಕೊಡಲಿ. ಹಿಂದಿನಿಂದ ಬಂದ ಇನ್ನೊಬ್ಬ ಸ್ಪರ್ಧಿ ಗುಂಡು ಹೊಡೆಯುವಷ್ಟರಲ್ಲಿ ಎರಡು ನಾಯಿಗಳು ಸತ್ತಿದ್ದವು, ಹಲವು ಗಾಯಗೊಂಡಿದ್ದವು. ಆಕೆ ಓಟ ಬಿಟ್ಟರು. ಆ ವರ್ಷ ಲಿಬಿ ರಿಡಲ್ಸ್ ಗೆದ್ದು ಇಡಿಟರಾಡ್ ಗೆದ್ದ ಮೊದಲ ಮಹಿಳೆಯಾದರು. ಆ ಹೆಗ್ಗಳಿಕೆ ಸೂಸನ್ ಪಾಲಿಗೆ ಎಂದೆಂದಿಗೂ ತಪ್ಪಿತು. ಮರುವರ್ಷ ಗೆದ್ದರು, 1987ರಲ್ಲಿ ಗೆದ್ದರು, 1988ರಲ್ಲಿ ಮತ್ತೆ ಗೆದ್ದರು. 1990ರಲ್ಲಿ ನಾಲ್ಕನೆಯ ಬಾರಿ, 11 ದಿನ 1 ಗಂಟೆ 53 ನಿಮಿಷಗಳಲ್ಲಿ, ಆ ಕಾಲಕ್ಕೆ ಅದು ದಾಖಲೆ. (2017ರಲ್ಲಿ ಮಿಚ್ ಸೀವಿ ಬೇರೊಂದು ಮಾರ್ಗದಲ್ಲಿ ಎಂಟು ದಿನ ಮೂರು ಗಂಟೆ ಚಿಲ್ಲರೆಯಲ್ಲಿ ಮುಗಿಸಿದರು.)

ಪುಸ್ತಕಗಳೆಲ್ಲ ಈ ನಾಲ್ಕು ಗೆಲುವುಗಳನ್ನು ವಿಸ್ತರಿಸುತ್ತವೆ. ನನಗೆ ಅವಕ್ಕಿಂತ ಮುಖ್ಯವೆನಿಸಿದ್ದು 1991. ಐದನೆಯ ಗೆಲುವು ಎದುರಿಗಿತ್ತು. ವೈಟ್ ಮೌಂಟನ್ ಎಂಬ ತಂಗುದಾಣದಿಂದ ನೋಮ್‌ಗೆ ಉಳಿದದ್ದು ಸುಮಾರು 125 ಕಿ.ಮೀ. ಸೂಸನ್ ಎಲ್ಲರಿಗಿಂತ ಮುಂದಿದ್ದರು. ಅಷ್ಟರಲ್ಲಿ ಎದ್ದ ಹಿಮದ ಬಿರುಗಾಳಿಯಲ್ಲಿ ದಾರಿಯೇ ಕಾಣದಾಯಿತು. ಆಕೆ ತಂಡವನ್ನು ತಿರುಗಿಸಿ ಹಿಂದಕ್ಕೆ ಬಂದರು. ರಿಕ್ ಸ್ವೆನ್ಸನ್ ಮಾತ್ರ ಗಾಳಿಯನ್ನು ಭೇದಿಸಿಕೊಂಡು ಸಾಗಿ, ತಮ್ಮ ಐದನೆಯ ಗೆಲುವು ಪಡೆದರು. ಸೂಸನ್ ಮೂರನೆಯವರಾದರು. ಸ್ವೆನ್ಸನ್ ಸಾಹಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ವಿದ್ಯಾರ್ಥಿಗಳಿಗೆ ಈ ಇಬ್ಬರಲ್ಲಿ ಒಬ್ಬರ ಪಾಠ ಹೇಳು ಎಂದರೆ ನಾನು ತಿರುಗಿ ಬಂದವರನ್ನೇ ಆರಿಸಿಕೊಳ್ಳುತ್ತೇನೆ. ಮುಂದೆ ಆಕೆ ಎಂದೂ ಗೆಲ್ಲಲಿಲ್ಲ.

ಇನ್ನು ಮೊಮ್ಮಗಳ ಪ್ರಶ್ನೆ. ಅದನ್ನು ನುಣುಚಿಕೊಳ್ಳುವಂತಿಲ್ಲ. ಈ ಓಟದಲ್ಲಿ ನಾಯಿಗಳು ಸಾಯುತ್ತವೆ. 2024ರಲ್ಲಿ ಮೂರು ಸತ್ತವು, 2025ರಲ್ಲಿ ಒಂದು. ವರ್ಷವಿಡೀ ಸರಪಳಿಯಲ್ಲಿ ಕಟ್ಟುವುದನ್ನು ಪ್ರಾಣಿದಯಾ ಸಂಘಟನೆಗಳು ಖಂಡಿಸುತ್ತಲೇ ಬಂದಿವೆ. ಓಟಕ್ಕೆ ಒಗ್ಗದ ನಾಯಿಗಳ ಗತಿಯೇನು ಎಂದೂ ಕೇಳುತ್ತವೆ. 2020ರಲ್ಲಿ ಅಲಾಸ್ಕಾ ಏರ್‌ಲೈನ್ಸ್, 2021ರಲ್ಲಿ ಎಕ್ಸಾನ್‌ಮೊಬಿಲ್ ಪ್ರಾಯೋಜಕತ್ವದಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿದವು. ದೀಪಾವಳಿಯ ಬಳಿಕ ಹೋರಿ ಬೆದರಿಸುವ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಈ ವಾದಗಳು ಹೊಸವಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ನಿಷೇಧಿಸಿದ ಮೇಲೆ ಕಂಬಳಕ್ಕೂ ಕುತ್ತು ಬಂದದ್ದು, ಕರ್ನಾಟಕ 2017ರಲ್ಲಿ ಕಾನೂನನ್ನು ತಿದ್ದಿದ್ದು, 2023ರ ಮೇ ತಿಂಗಳಲ್ಲಿ ಅದೇ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿದದ್ದು, ಇವೆಲ್ಲ ನಮ್ಮ ಕಟ್ಟೆಯ ಮೇಲೆ ಚರ್ಚೆಯಾದ ಸಂಗತಿಗಳೇ. ಸಂಪ್ರದಾಯವೆಂಬ ಒಂದೇ ಕಾರಣಕ್ಕೆ ಪ್ರಾಣಿಯ ನೋವು ಸಮ್ಮತವಾಗದು. ಪ್ರಾಣಿಯ ಬದುಕನ್ನು ಹತ್ತಿರದಿಂದ ಕಾಣದವರ ತೀರ್ಪೂ ಪೂರ್ಣವಾಗದು. ನನ್ನ ಮನಸ್ಸು ಈ ಎರಡರ ನಡುವೆಯೇ ಇದೆ.

ಅವಳಿಗೆ ನಾನು 2019ರ ಒಂದು ಘಟನೆಯನ್ನು ಹೇಳಿದೆ. ನಿಕೋಲಸ್ ಪೆಟಿ ಎಂಬ ಸ್ಪರ್ಧಿ ಆ ವರ್ಷ ಹಲವು ಗಂಟೆಗಳ ಅಂತರದಿಂದ ಮುಂದಿದ್ದರು. ಶಕ್ಟೂಲಿಕ್ ಎಂಬ ಕಡಲತೀರದ ಹಳ್ಳಿ ದಾಟಿದ ಮೇಲೆ ತಂಡದಲ್ಲಿ ಒಂದು ನಾಯಿ ಇನ್ನೊಂದರ ಮೇಲೆ ಎರಗುತ್ತಿತ್ತು. ಪೆಟಿ ಅದನ್ನು ಗದರಿದರು. ಒಂದೇ ಗದರಿಕೆ. ತಂಡದ ಅಷ್ಟೂ ನಾಯಿಗಳು ಅದನ್ನು ಕೇಳಿಸಿಕೊಂಡವು. ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಹೊಟ್ಟೆ ತುಂಬಿತ್ತು, ಮೈ ಗಟ್ಟಿಯಿತ್ತು, ಮನಸ್ಸು ಮಾತ್ರ ಮುರಿದಿತ್ತು. ಹಿಂದೆ ನಿಂತವನು ಹಗ್ಗವನ್ನು ತಳ್ಳಿ ಬಂಡಿ ಓಡಿಸುವಂತಿಲ್ಲ. ಪೆಟಿ ಓಟದಿಂದ ಹೊರಬಂದರು. ಮೂವತ್ತಕ್ಕೂ ಹೆಚ್ಚು ವರ್ಷ ನಲವತ್ತು, ಐವತ್ತು ಮಕ್ಕಳ ತರಗತಿಯನ್ನು ನಡೆಸಿದವನಾಗಿ ಈ ವರದಿಯನ್ನು ನಾನು ಎರಡು ಸಲ ಓದಿದೆ. ಒಬ್ಬನನ್ನು ಗದರಿದರೆ ಒಂದು ಕೋಣೆಯೇ ಮುಚ್ಚಿಕೊಳ್ಳುವುದನ್ನು ಕಂಡವರಿಗೆ ಅದು ನಾಯಿಗಳ ಸುದ್ದಿಯಾಗಿ ಮಾತ್ರ ಕಾಣುವುದಿಲ್ಲ.

"ಅವು ಬೇಡ ಎನ್ನಬಲ್ಲವು ನೋಡು," ಎಂದೆ. ಅವಳು ಸ್ವಲ್ಪ ಯೋಚಿಸಿದಳು. "ಬೇಡ ಅನ್ನೋಕೆ ಬರುತ್ತೆ, ಸರಿ. ಆದ್ರೆ ಹುಟ್ಟಿದಾಗಿಂದ ಅದೊಂದನ್ನೇ ಕಲಿಸಿದ್ರೆ ಬೇಕು ಅನ್ನೋದನ್ನ ಹೇಗೆ ನಂಬೋದು ಅಜ್ಜ?" ಎಂದಳು. ಈಗ ಹದಿನಾರು ದಾಟಿದ್ದಾಳೆ. ಫೋನಿನಲ್ಲಿ ಈ ಮಾತು ಬಂದಾಗಲೆಲ್ಲ ಅವಳ ನಿಲುವು ಇದೇ. ದಡದ ಮೇಲೆ ಊಳಿಟ್ಟ ಆ ನಾಯಿಗಳನ್ನು ಕಣ್ಣಾರೆ ಕಂಡ ನನಗೆ, ಆ ಕ್ಷಣದ ಮಟ್ಟಿಗೆ ಅವುಗಳ 'ಬೇಕು' ಸುಳ್ಳೆನಿಸುವುದಿಲ್ಲ. ಅದು 1,600 ಕಿ.ಮೀ.ವರೆಗೂ ಹಾಗೆಯೇ ಉಳಿಯುವುದೇ ಎಂದು ಕೇಳಿದರೆ, ಅದು ಬಂಡಿಯ ಹಿಂದೆ ನಿಂತವರು ಎಂಥವರು ಎಂಬುದನ್ನು ಅವಲಂಬಿಸುತ್ತದೆ ಎನ್ನುತ್ತೇನೆ. ಅವಳಿಗೆ ಅದು ಸಾಲದು. ಇರಲಿ.

ತೊಂಬತ್ತರ ದಶಕದ ನಡುವೆ ಸೂಸನ್ ಸ್ಪರ್ಧೆಯಿಂದ ನಿವೃತ್ತರಾದರು. ಮಕ್ಕಳಾಗಬೇಕೆಂಬ ಆಸೆಯಿತ್ತು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ನಾಯಿಮನೆ ಮಾತ್ರ ಮುಂದುವರಿಯಿತು. 2005ರ ಡಿಸೆಂಬರಿನಲ್ಲಿ ರಕ್ತದ ಕ್ಯಾನ್ಸರ್ ಇರುವುದು ತಿಳಿಯಿತು. ಚಿಕಿತ್ಸೆಗೆಂದು ಸಿಯಾಟಲಿಗೆ ಬಂದರು. ಮರುವರ್ಷ ಅಸ್ಥಿಮಜ್ಜೆಯ ಕಸಿಯಾಯಿತು. 2006ರ ಆಗಸ್ಟ್ 5ರಂದು, ಐವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ನಾನು ದಿನವೂ ಬೆಳಿಗ್ಗೆ ಕೈಬೀಸಿಕೊಂಡು ತಿರುಗಾಡುತ್ತಿದ್ದ ಅದೇ ನಗರದಲ್ಲಿ ಎಂಬುದು ಗ್ರಂಥಾಲಯದ ಪುಸ್ತಕ ಓದುವವರೆಗೆ ನನಗೆ ತಿಳಿದಿರಲಿಲ್ಲ. 2008ರಲ್ಲಿ ಅಲಾಸ್ಕಾ ರಾಜ್ಯವು ಮಾರ್ಚ್ ತಿಂಗಳ ಮೊದಲ ಶನಿವಾರವನ್ನು ಸೂಸನ್ ಬುಚರ್ ದಿನವೆಂದು ಕಾನೂನಿನ ಮೂಲಕ ಗೊತ್ತುಪಡಿಸಿತು. ಇಡಿಟರಾಡ್ ಓಟ ಆಂಕರೇಜಿನಿಂದ ಹೊರಡುವುದೂ ಅದೇ ಶನಿವಾರ. 2025ರಲ್ಲಿ ಮಾತ್ರ ಎಂದಿನ ದಾರಿಯಲ್ಲಿ ಸಾಕಷ್ಟು ಹಿಮ ಬೀಳದೆ, ನಿಜವಾದ ಸ್ಪರ್ಧೆಯನ್ನು ಫೇರ್‌ಬ್ಯಾಂಕ್ಸ್‌ನಿಂದ, ಆ ನಾಯಿಮನೆಯ ಊರಿನಿಂದ, ಆರಂಭಿಸಬೇಕಾಯಿತು.

ಹಿರಿಯ ಮಗಳಿಗೆ ಸೂಸನ್ ಇಟ್ಟ ಹೆಸರು ಟೆಕ್ಲಾ.